ಆನೆ ಇಲ್ಲದೆ ಓಡುವವರು

ನಮ್ಮ ಭಾವನವರಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೂಡಿಗೆರೆಯಿಂದ ಆಲ್ದೂರಿನವರೆಗೆ ಯಾರನ್ನು ಕೇಳಿದರೂ ಇದೆ ಎನ್ನುತ್ತಾರೆ. ಭಾವ ಎಂದರೆ ನನ್ನ ಅಕ್ಕನ ಗಂಡ. ಅರವತ್ತು ದಾಟಿದ ಕಾಫಿ ಪ್ಲಾಂಟರು. ಮನೆಯಲ್ಲಿ ಎರಡು ಜೀಪು ನಿಂತಿದ್ದರೂ ದಿನಾ ಬೆಳಿಗ್ಗೆ ಗುಡ್ಡದ ಮೇಲೆ ಓಡುವ ಮನುಷ್ಯ. ಓಡುವುದರಲ್ಲೇನು ವಿಶೇಷ ಎಂದಿರಾ? ಹಾಗಾದರೆ ನೀವು ಬಯಲುಸೀಮೆಯವರು! ನಮ್ಮ ಕಡೆ ಬೆಳೆದ ಗಂಡಸೊಬ್ಬ ಓಡುತ್ತಿದ್ದಾನೆ ಎಂದರೆ ಅದಕ್ಕೆ ಕಾರಣ ಒಂದೇ. ಆ ಕಾರಣಕ್ಕೆ ನಾಲ್ಕು ಕಾಲು, ಒಂದು ಸೊಂಡಿಲು.

ಈ ಓಟ ಅಂಟಿಕೊಂಡಿದ್ದು ಇಟಲಿಯಲ್ಲಿ. ಪ್ಲಾಂಟರುಗಳ ಒಂದು ಗುಂಪು ಮೆಡಿಟರೇನಿಯನ್ ತೀರದ ಹಳೇ ಊರುಗಳನ್ನು ನೋಡಲು ಹೊರಟಾಗ ಅಕ್ಕ ಭಾವನನ್ನೂ ಎಳೆದುಕೊಂಡು ಹೋದಳು. ನಾನು ಹೋಗಿರಲಿಲ್ಲ. ಆದರೂ ಆ ಕತೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ ಅಲ್ಲಿಯ ಬೀದಿಯ ಕಲ್ಲು ನನ್ನ ಅಂಗಾಲಿಗೇ ಗೊತ್ತು. ಇಂಥ ನೆನಪನ್ನು ನಂಬಬಾರದು, ತೀರಾ ನಯವಾಗಿರುತ್ತದೆ. ಅಷ್ಟು ಓರಣವಾಗಿ ಯಾರಿಗೂ ಏನೂ ಆಗುವುದಿಲ್ಲ.

ಆದದ್ದು ಇಷ್ಟು, ಅಥವಾ ಭಾವ ಹೇಳುವುದು ಇಷ್ಟು. ಸಿಯೆನಾ ಎಂಬ ಗುಡ್ಡದ ಮೇಲಿನ ಊರಿನಲ್ಲಿ ಬೆಳಗಿನ ಜಾವ ನಿದ್ದೆ ಬಾರದೆ, ಮಂಕಿ ಕ್ಯಾಪು ಹಾಕಿಕೊಂಡು ಹೋಟೆಲಿನಿಂದ ಹೊರಬಿದ್ದರು. ಇಳಿಜಾರು ಬೀದಿ. ಚಳಿ. ಕಾಲು ತಾನಾಗಿ ಓಡತೊಡಗಿತು. ಕಮಾನಿನ ಕೆಳಗೆ ನುಗ್ಗಿ, ಯಾರದೋ ಅಂಗಳ ದಾಟಿ, ಯಾರದೋ ಒಗೆದ ಬಟ್ಟೆಯ ಅಡಿಯಲ್ಲಿ ತಲೆ ತಗ್ಗಿಸಿ ಓಡಿದರು. ಯಾರೂ ತಡೆಯಲಿಲ್ಲ, ಯಾರ ಕಡೆಯವರು ಎಂದು ಕೇಳಲಿಲ್ಲ. ಕೊನೆಗೆ ದಾರಿ ತಪ್ಪಿತು. ಒಬ್ಬ ಅಜ್ಜಿಯನ್ನು ಕನ್ನಡದಲ್ಲೇ ದಾರಿ ಕೇಳಿದರು. ಆಕೆ ಏನು ತಿಳಿದಳೋ, ಒಳಗೆ ಕರೆದು ಪುಟ್ಟ ಲೋಟದಲ್ಲಿ ಕಾಫಿ ಕೊಟ್ಟಳು. ಮೂರು ತಲೆಮಾರು ಕಾಫಿ ಬೆಳೆದ ವಂಶದ ಕುಡಿ ಅದನ್ನು ಗುಟುಕರಿಸಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟಿತು: ‘ಪುಡಿ ಪರವಾಗಿಲ್ಲ. ಚಿಕೋರಿ ಹಾಕಿಲ್ಲ.’

ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಕೂತಿದ್ದ ಪ್ಲಾಂಟರುಗಳೆಲ್ಲ ನನ್ನ ಅಕ್ಕನನ್ನು, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಹಾಗೆ, ಕಣ್ಣಲ್ಲೇ ಪಲ್ಪ್ ಮಾಡುತ್ತಿದ್ದರಂತೆ. ಭಾವ ಬೆವರು ಸುರಿಸುತ್ತ ಬಸ್ ಹತ್ತಿ, ಕ್ಷಮೆ ಕೇಳುವ ಬದಲು ಮರುದಿನ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದರು. ಅಲ್ಲಿಂದ ಪ್ರತಿ ಊರಿನಲ್ಲೂ ಓಟ. ಇಟಲಿಯಾಚೆ ಸಮುದ್ರದ ದಂಡೆಯ ಊರಾದ ಡುಬ್ರೊವ್ನಿಕ್‌ನಲ್ಲಂತೂ ಕೋಟೆಗೋಡೆಯೊಳಗೆ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದು ಬಾಗಿಲಲ್ಲಿ ಹೊರಬಂದರಂತೆ. ಈ ಎರಡು ಬಾಗಿಲಿನ ವಿಚಾರ ಅವರ ತಲೆಯಲ್ಲಿ ಕೂತುಬಿಟ್ಟಿತು. ಕೂರಬಾರದಿತ್ತು.

ಊರಿಗೆ ಬಂದ ಮೇಲೆ ಮೊದಲ ದಿನದ ಓಟ. ಹಣ್ಣು ಕೊಯ್ಯುವ ಕಾಲ, ತೋಟದ ತುಂಬಾ ಹೆಂಗಸರು. ಕೆಂಪು ಬನಿಯನ್ನಿನ ಸಾಹೇಬರು ಮಂಜಿನೊಳಗಿಂದ ಓಡಿ ಬಂದದ್ದೇ ತಡ, ಕುಕ್ಕೆ ಬಿಸಾಡಿ ಎಲ್ಲರೂ ದಿಕ್ಕಾಪಾಲು. ಭಾವ ಹಿಂತಿರುಗಿ ನೋಡಿದರು. ಇಷ್ಟು ಜನ ಓಡುತ್ತಿದ್ದಾರೆಂದರೆ ಆನೆ ಬಂದಿರಲೇಬೇಕು! ಇನ್ನೂ ಜೋರಾಗಿ ಓಡಿದರು. ಅವರು ಜೋರಾಗಿದ್ದು ನೋಡಿ ಹೆಂಗಸರೂ ಜೋರಾದರು. ಕೊನೆಗೆ ಎಲ್ಲರೂ ಒಂದೇ ಪಲ್ಪರ್ ಶೆಡ್ಡಿನೊಳಗೆ ಏದುಸಿರು ಬಿಡುತ್ತ ಸೇರಿದಾಗ ಭಾವ ಮೆಲ್ಲಗೆ ಕೇಳಿದರು, ‘ಆನೆ ಎಲ್ಲಿದೆ?’

‘ಓಡಿದ್ದು ನೀವು,’ ಎಂದಳು ಒಬ್ಬಳು. ‘ನಮ್ಮನ್ನ ಕೇಳಿದ್ರೆ?’

ರಸ್ತೆಗೆ ಇಳಿದರೆ ಬೇರೆ ತಾಪತ್ರಯ. ನಮ್ಮಲ್ಲಿ ಗುರುತಿನವರು ನಡೆದು ಹೋಗುತ್ತಿದ್ದರೆ ಜೀಪು ನಿಲ್ಲಿಸಿ ಹತ್ತಿಸಿಕೊಳ್ಳದೆ ಮುಂದೆ ಹೋಗುವುದು ಕೊಲೆಗಿಂತ ಸ್ವಲ್ಪ ಕಡಿಮೆ ಪಾಪ. ಓಡುತ್ತಿದ್ದರಂತೂ ಕೇಳುವುದೇ ಬೇಡ. ಪ್ರತಿ ತಿರುವಿನಲ್ಲೂ ಒಂದು ಜೀಪು ನಿಲ್ಲುವುದು, ಹತ್ತಿ ಎನ್ನುವುದು, ಭಾವ ಒಲ್ಲೆ ಎನ್ನುವುದು, ಅವರು ಮುಖ ಊದಿಸಿಕೊಳ್ಳುವುದು. ಒಬ್ಬರು ಮಾತ್ರ ಹಟ ಬಿಡದೆ, ಹತ್ತದಿದ್ದರೆ ಹೋಗಲಿ ಎಂದು, ಹೆಡ್‌ಲೈಟ್ ಹಾಕಿಕೊಂಡು ಹಿಂದೆಯೇ ಫಸ್ಟ್ ಗೇರಿನಲ್ಲಿ ಬಂದರು. ಅದನ್ನು ಕಂಡವರು ಆಲ್ದೂರಿನಲ್ಲಿ ಏನು ಹೇಳಿದರೋ, ಮಧ್ಯಾಹ್ನದೊಳಗೆ ಮೂರು ಮನೆಯಿಂದ ಅಕ್ಕನಿಗೆ ಫೋನು. ಮನೆಯಲ್ಲಿ ಏನಾದರೂ ಜಗಳವೇ?

ಆದ್ದರಿಂದ ಓಟ ತೋಟದೊಳಗೇ ಎಂದಾಯಿತು. ಭಾವ ಗುಡ್ಡಕ್ಕೆಲ್ಲ ನಾಮಕರಣ ಮಾಡಿದರು. ಮೆಣಸಿನ ಬಳ್ಳಿ ಹಬ್ಬಿದ ಏರು ಸಿಯೆನಾ. ಕಲ್ಲುಕಟ್ಟೆಯ ಓಣಿ ಡುಬ್ರೊವ್ನಿಕ್. ಆಳುಗಳು ತಕರಾರಿಲ್ಲದೆ ಒಪ್ಪಿಕೊಂಡರು. ಡುಬ್ರೊವ್ನಿಕ್‌ನಲ್ಲಿ ಕಳೆ ಜಾಸ್ತಿಯಾಗಿದೆ ಎಂದು ಮೇಸ್ತ್ರಿ ಬಂದು ವರದಿ ಒಪ್ಪಿಸುವುದನ್ನು ನಾನೇ ಕೇಳಿದ್ದೇನೆ.

ತೊಂದರೆ ಇದ್ದದ್ದು ಎರಡನೇ ಬಾಗಿಲಿನಲ್ಲಿ. ಗುಡ್ಡ ಸುತ್ತಿ ಇನ್ನೊಂದು ಕಡೆಯಿಂದ ಮನೆ ಸೇರಬೇಕಾದರೆ ನೆತ್ತಿಯಲ್ಲಿರುವ ಕಬ್ಬಿಣದ ಗೇಟು ದಾಟಬೇಕು. ಗೇಟಿನಾಚೆಗಿನದು ಭಾವನ ಅಣ್ಣನ ತೋಟ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆ ಗೇಟು, ಅದಕ್ಕೆ ತೂಗುವ ತೆಂಗಿನಕಾಯಿ ಗಾತ್ರದ ಬೀಗ, ಎರಡೂ ಆ ಜಗಳದ ಸಂತಾನ. ಜಗಳದ ಕಾರಣ? ಅಕ್ಕನನ್ನು ಕೇಳಿದರೆ ಆಸ್ತಿ ಪಾಲಾದ ದಿನ ಯಾರೋ ಊಟಕ್ಕೆ ಏಳಲಿಲ್ಲ. ಭಾವನನ್ನು ಕೇಳಿದರೆ ಒಂದು ನಾಯಿ. ನನಗೆ ಹಲಸಿನ ಮರ ಎಂದು ನೆನಪು, ಆದರೆ ಅಲ್ಲಿ ಹಲಸಿನ ಮರವೇ ಇಲ್ಲ. ಅಣ್ಣನವರಿಗೆ ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಬೆಳಿಗ್ಗೆ ನೆತ್ತಿಯ ಮೇಲಿನ ಮನೆಯ ವರಾಂಡದಲ್ಲಿ, ಬೆತ್ತದ ಕುರ್ಚಿಯಲ್ಲಿ, ಶಾಲು ಹೊದ್ದು, ಪಾಳೇಗಾರರಂತೆ ಕೂತಿರುವರು.

‘ಬಂದ ದಾರೀಲೇ ವಾಪಸ್ ಬರೋದು ಓಟ ಅಲ್ಲ ಮಾರಾಯ,’ ಎಂದು ಭಾವ ನನ್ನ ಹತ್ತಿರ ಗೋಳಾಡುವರು. ‘ಅದು ದನ ಹೊಡ್ಕೊಂಡು ಬರೋದು.’

‘ಹಾಗಾದ್ರೆ ಅಣ್ಣನ ಹತ್ರ ಬೀಗದ ಕೈ ಕೇಳಿ,’ ಎಂದು ಅಕ್ಕ ಒಳಗಿನಿಂದ.

‘ಗೇಟು ಹಾಕಿದ್ದು ಅವನು. ನಾನ್ಯಾಕೆ ಕೇಳ್ಲಿ?’

ಈ ಪ್ರಶ್ನೆ ಮೇಸ್ತ್ರಿಯ ಮೂಲಕ ಗುಡ್ಡ ಹತ್ತಿ ಹೋಯಿತು. ಬೇಕಾದವನು ಕೇಳಲಿ ಎಂಬ ಉತ್ತರ ಅದೇ ಮೇಸ್ತ್ರಿಯ ಮೂಲಕ ಇಳಿದು ಬಂತು. ಅಲ್ಲಿಗೆ ಮುಗಿಯಿತು. ಭಾವ ದಿನಾ ಸಿಯೆನಾ ಹತ್ತಿ, ಡುಬ್ರೊವ್ನಿಕ್ ದಾಟಿ, ಗೇಟಿನವರೆಗೆ ಓಡಿ, ಅದರ ಸರಳನ್ನು ಅಂಗೈಯಲ್ಲಿ ಮುಟ್ಟಿ, ಮೇಲೆ ನೋಡದೆ ತಿರುಗಿ ಬರುವರು. ವರಾಂಡದಲ್ಲಿ ಶಾಲು ಕದಲುತ್ತಿರಲಿಲ್ಲ. ಮಳೆಗಾಲದಲ್ಲೂ ಇದೇ. ಒಂದು ಕಡೆ ಕೊಡೆ ಹಿಡಿದು ಓಡುವ ತಮ್ಮ, ಇನ್ನೊಂದು ಕಡೆ ಕೊಡೆ ಹಿಡಿದು ಕೂರುವ ಅಣ್ಣ. ವರಾಂಡ ಸೋರುತ್ತಿತ್ತಂತೆ. ಸೋರಿದರೆ ಒಳಗೆ ಹೋಗಬಾರದೇ? ನಾವು ಯಾರೂ ಆಗ ಹಾಗೆ ಕೇಳಿಕೊಳ್ಳಲಿಲ್ಲ.

ಮುಂದಿನ ಕೊಯ್ಲಿನ ಹೊತ್ತಿಗೆ ಭಾವ ಓಡಿದರೆ ಯಾರೂ ತಲೆ ಎತ್ತದಷ್ಟು ಅಭ್ಯಾಸವಾಗಿತ್ತು. ನಾನು ಒಂದು ವಾರ ಇರಲು ಹೋಗಿದ್ದೆ. ಕಣದಲ್ಲಿ ಕಾಫಿ ಹರವುತ್ತಿದ್ದರು. ನಾನು ಲೋಟ ಹಿಡಿದು ಬಿಸಿಲು ಕಾಯುತ್ತಿದ್ದೆ. ಎದುರಿನ ಗುಡ್ಡ ಅಂಗೈಯಂತೆ ಕಾಣುತ್ತಿತ್ತು. ಮುಂದಿನದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಅನುಮಾನ ಜಾಸ್ತಿ.

ಸಿಯೆನಾದಿಂದ ಭಾವ ಹೊರಬಂದರು. ಒಂದು ಕಾಲಲ್ಲಿ ಶೂ ಇರಲಿಲ್ಲ. ಕೈ ಎರಡೂ ಗಾಳಿಯಲ್ಲಿ ಬೀಸುತ್ತಿದ್ದವು. ಏನೋ ಕೂಗುತ್ತಿದ್ದರು, ದೂರಕ್ಕೆ ಕೇಳಲಿಲ್ಲ.

‘ಸಾಹೇಬ್ರು ಇವತ್ತು ಜೋರಾಗಿದಾರೆ,’ ಎಂದ ಮೇಸ್ತ್ರಿ, ಮೆಚ್ಚುಗೆಯಿಂದ.

ನಾನು ಶಭಾಷ್ ಎಂಬಂತೆ ಲೋಟ ಎತ್ತಿ ತೋರಿಸಿದೆ. ಕಣದಲ್ಲಿದ್ದ ಹೆಂಗಸರು ನಕ್ಕರು. ಇಡೀ ಗುಡ್ಡದಲ್ಲಿ ಒಂದೇ ಒಂದು ಜೀವ ಮಾತ್ರ ಗಾಬರಿಯಾಯಿತು. ಎಂದೂ ಕದಲದ ಆ ಶಾಲು ಎದ್ದು ನಿಂತಿತು. ಆಮೇಲೆ ಶಾಲು ಕೆಳಗೆ ಬಿತ್ತು. ಮಂಡಿನೋವಿನ ಅಣ್ಣನವರು ಬರಿಗಾಲಲ್ಲಿ ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದು ಗೇಟಿನತ್ತ ಓಡಿ ಬರುತ್ತಿದ್ದರು. ಆಗ ನಮಗೆ ಕಂಡಿತು. ಭಾವನ ಹಿಂದೆ ಕಾಫಿ ಗಿಡಗಳು ಬಾಚಣಿಗೆ ಹಾಕಿದಂತೆ ಎರಡು ಪಾಲಾಗುತ್ತಿದ್ದವು. ಅದರ ನಡುವೆ ಒಂದು ಬೂದು ಬೆನ್ನು.

ನಾವು ಕಿರುಚಿದೆವು, ತಗಡು ಬಡಿದೆವು. ಭಾವ ಗೇಟು ತಲುಪಿದರು. ತಲುಪಿ ಏನು ಮಾಡಿದರು? ಅಂಗೈಯಲ್ಲಿ ಸರಳು ಮುಟ್ಟಿ, ವಾಪಸ್ ತಿರುಗಿದರು! ಅಭ್ಯಾಸ! ನಾಲ್ಕು ಹೆಜ್ಜೆ ಆನೆಯ ಕಡೆಗೇ ಓಡಿ, ತಪ್ಪು ತಿಳಿದು, ಮತ್ತೆ ತಿರುಗಿ, ಗೇಟನ್ನು ಹತ್ತತೊಡಗಿದರು. ಬನಿಯನ್ನು ಮೇಲಿನ ಮೊನೆಗೆ ಸಿಕ್ಕಿಕೊಂಡಿತು.

‘ಹತ್ತಬೇಡ್ವೋ!’ ಅಣ್ಣನವರ ದನಿ ಕಣದವರೆಗೂ ಕೇಳಿತು. ‘ತಳ್ಳು! ಗೇಟು ತಳ್ಳು!’

ಭಾವ ಬನಿಯನ್ನು ಹರಿದುಕೊಂಡು ಇಳಿದು ತಳ್ಳಿದರು. ಗೇಟು ತೆರೆದುಕೊಂಡಿತು. ಬೀಗ ಸುಮ್ಮನೆ ಒಂದೇ ಕೊಂಡಿಗೆ ನೇತಾಡುತ್ತಿತ್ತು.

ಆನೆಗೆ ಇವರಿಬ್ಬರ ಮೇಲೆ ಆಸಕ್ತಿಯೇ ಇರಲಿಲ್ಲ. ಅದು ಡುಬ್ರೊವ್ನಿಕ್‌ನ ಗೋಡೆ ಕೆಡವಿ, ತಾಳೆ ಜಾತಿಯ ಒಂದು ಬಗನಿ ಮರ ಸೀಳಿ ತಿಂದು, ತನ್ನ ಪಾಡಿಗೆ ಹೊಳೆ ಕಡೆ ಇಳಿದು ಹೋಯಿತು. ನಾವು ಸುತ್ತು ಬಳಸಿ ನೆತ್ತಿಗೆ ಹೋದಾಗ ಅಣ್ಣ ತಮ್ಮ ವರಾಂಡದಲ್ಲಿ ಕೂತಿದ್ದರು. ಇದ್ದ ಒಂದೇ ಬೆತ್ತದ ಕುರ್ಚಿ ಭಾವನ ಕೆಳಗಿತ್ತು, ಶಾಲೂ ಅವರ ಮೈಮೇಲಿತ್ತು. ಅಣ್ಣನವರು ಮೆಟ್ಟಿಲ ಮೇಲೆ.

ನಮಗೆ ಯಾರಿಗೂ ಗೊತ್ತಾಗಲಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಅಕ್ಕ ಕೇಳಿದಳು.

‘ದಿನಾ ನೋಡ್ತೀನಲ್ಲಮ್ಮ,’ ಎಂದರು ಅಣ್ಣನವರು. ‘ಇವನು ಹೆದ್ರಿದ್ರೆ ಚಿಕ್ಕವನಿದ್ದಾಗ್ಲೂ ಹಂಗೇ ಕೈ ಬೀಸ್ತಿದ್ದ.’

ಬೀಗ ಯಾವಾಗ ತೆಗೆದಿರಿ ಎಂದು ಯಾರೂ ಕೇಳಲಿಲ್ಲ. ಭಾವ ತಲೆ ತಗ್ಗಿಸಿ ಶೂ ಇಲ್ಲದ ಕಾಲನ್ನೇ ನೋಡುತ್ತಿದ್ದರು. ಆಗ ಅಣ್ಣನವರು ತಮ್ಮನ ಕಡೆಗೇ ತಿರುಗಿ ಹೇಳಿದರು. ‘ದಿನಾ ಮುಟ್ಟಿ ಮುಟ್ಟಿ ಗೇಟಿನ ಪೇಂಟ್ ಎಲ್ಲಾ ಎಬ್ಬಿಸಿದೀಯ.’

‘ಹೊಡೆಸ್ತೀನಿ ಅಣ್ಣ,’ ಎಂದರು ಭಾವ.

‘ಏನೂ ಬೇಡ. ನಾನೇ ಹೊಡಿತೀನಿ.’

ಈ ಸಲ ಹೋದಾಗ ನಾನೂ ಭಾವನ ಹಿಂದೆ ಓಡಿದೆ. ಓಡಿದೆ ಎನ್ನುವುದು ನನ್ನ ನೆನಪು, ತೆವಳಿದೆ ಎನ್ನುವುದು ಅಕ್ಕನ ನೆನಪು. ಈಗ ಭಾವನ ಓಟ ಡುಬ್ರೊವ್ನಿಕ್‌ನ ನಿಯಮದಂತೆ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದು ಬಾಗಿಲಲ್ಲಿ ಹೊರಬರುತ್ತದೆ, ನಡುವೆ ಅಣ್ಣನ ವರಾಂಡದಲ್ಲಿ ಒಂದು ಲೋಟ ಚಿಕೋರಿ ಕಾಫಿಗೆ ಅರ್ಧ ಗಂಟೆ ನಿಲ್ಲುತ್ತದೆ. ಗೇಟು ಪೂರ್ತಿ ತೆರೆದು ಹಾರು ಹೊಡೆದಿತ್ತು. ಹೊಸ ಹಸಿರು ಬಣ್ಣ. ಒಂದು ಸರಳಿನಲ್ಲಿ ಮಾತ್ರ ಅಂಗೈ ಅಗಲದಷ್ಟು ಜಾಗಕ್ಕೆ ಬಣ್ಣ ಮುಟ್ಟಿರಲಿಲ್ಲ. ಅಲ್ಲಿ ಹಳೆಯ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಪೇಂಟ್ ಸಾಲಲಿಲ್ಲ ಎಂದರು ಅಣ್ಣನವರು. ಅರ್ಧ ತುಂಬಿದ ಡಬ್ಬಿಯೊಂದು ಮೆಟ್ಟಿಲ ಪಕ್ಕದಲ್ಲೇ ಇದ್ದ ಹಾಗೆ ನೆನಪು. ಅದನ್ನು ನನ್ನ ನೆನಪೇ ಅಲ್ಲಿ ತಂದಿಟ್ಟಿರಬಹುದು, ನನ್ನನ್ನು ನಂಬಬೇಡಿ.

ಆದರೆ ಭಾವ ಹಾರು ಹೊಡೆದ ಗೇಟಿನ ಹತ್ತಿರ ಒಂದು ಕ್ಷಣ ದಾರಿ ಬಿಟ್ಟು ಸರಿದು, ಆ ಬಣ್ಣವಿಲ್ಲದ ಜಾಗವನ್ನು ಮುಟ್ಟಿ, ಮೇಲೆ ವರಾಂಡದ ಕಡೆ ನೋಡಿ, ಆಮೇಲೆ ಒಳಗೆ ಓಡಿದರು. ಅದನ್ನು ನಾನು ನೋಡಿದೆ.