ವಿಮಾನದ ಹಿಂದೆ ಹೋದ ಎತ್ತುಗಳ ಬಗ್ಗೆ

ಇಂದ:
ಚಿಕ್ಕಬೀರಮ್ಮ, ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು.

ಗೆ:
ಮೇಲಧಿಕಾರಿಗಳು, ಕಲ್ಲುಬೋರೆ ವಿಮಾನ ಮೈದಾನ.

ಜನವರಿ ೧೯೫೬

ವಿಷಯ: ಮಂಜಿನ ಕಾವಳದಲ್ಲಿ ನೆಲದ ಮೇಲೆ ನಡೆಯುತ್ತಿದ್ದ ವಿಮಾನದ ಹಿಂದೆ ಹೋದ ನನ್ನ ಜೋಡೆತ್ತುಗಳನ್ನು ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: ‘ಸದರಿ ಎತ್ತುಗಳು ಇನ್ನು ಮುಂದೆ ಮೈದಾನಕ್ಕೆ ಬರುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಡಬೇಕೆಂಬ ತಮ್ಮ ಕಾಗದ.

ಮಾನ್ಯರೇ,

ಕಣದಲ್ಲಿ ರಾಗಿ ತೆನೆ ಬಡಿಯುತ್ತಾ, ನಡುನಡುವೆ ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ. ತೆನೆಯ ಮೇಲೆ ಗುಂಡುಕಲ್ಲು ಎಳೆಯಬೇಕಾದ ಎತ್ತುಗಳು ತಮ್ಮಲ್ಲಿರುವ ಕಾರಣ ಕೋಲು ನನ್ನ ಕೈಗೆ ಬಂದಿದೆ. ಒಂದು ಮಳೆ ಬಿದ್ದರೆ ನಮ್ಮ ವರ್ಷದ ಮುದ್ದೆಯೆಲ್ಲ ಕಣದಲ್ಲೇ ಮೊಳೆಯುತ್ತದೆ.

೧. ಸಂತೆಗೆ ಗಾಡಿಗಳು ಸಾಲಾಗಿ ಹೋಗುವುದು, ಪ್ರತಿ ಗಾಡಿಯ ಹಿಂದೆ ಲಾಟೀನು ತೂಗುವುದು, ಹಿಂದಿನ ಎತ್ತುಗಳು ಅದನ್ನು ನೋಡಿಕೊಂಡು ನಡೆಯುವುದು, ಗಾಡಿ ಹೊಡೆಯುವವರು ಮಲಗುವುದು ನಮ್ಮ ಕಡೆಯ ರೂಢಿ. ಅಂದು ಮುಂಜಾನೆ ದಟ್ಟ ಕಾವಳ. ದಾರಿ ಬದಿಯ ತಮ್ಮ ಗೇಟು ತೆರೆದಿತ್ತು. ಹಾರಲು ಹೋದ ವಿಮಾನ ಏನೂ ಕಾಣದೆ, ಎತ್ತಿನ ನಡಿಗೆಯಲ್ಲೇ ಷೆಡ್ಡಿಗೆ ಹಿಂದಿರುಗುತ್ತಿತ್ತು. ಬಾಲದಲ್ಲಿ ದೀಪವಿತ್ತು. ಆದ್ದರಿಂದ ಎತ್ತುಗಳು ಅದರ ಹಿಂದೆ ಹೋದವು.

೨. ಸದ್ದಿಗೆ ಏಕೆ ಬೆದರಲಿಲ್ಲ ಎಂದು ಕೇಳಿದ್ದೀರಿ. ಅವು ಆಲೆಮನೆಯ ಎಂಜಿನ್ನಿನ ಪಕ್ಕ ಬೆಳೆದವು. ಗಾಡಿಯಲ್ಲಿ ಮಲಗಿದ್ದ ನನ್ನ ಮಗ ಮಂಟಯ್ಯನೂ ಅಲ್ಲೇ ಬೆಳೆದ ಕಾರಣ ಅವನಿಗೂ ಎಚ್ಚರವಾಗಲಿಲ್ಲ.

೩. ಷೆಡ್ಡಿನಲ್ಲಿ ವಿಮಾನ ನಿಂತಿತು, ಗಾಡಿಯೂ ನಿಂತಿತು. ತಮ್ಮ ಕಾವಲುಗಾರ ನಂಜಣ್ಣ, “ಏಳ್ಲಾ ಮಂಟ, ಯಾರ ದಿಬ್ಬಣದಲ್ಲಿ ಬಂದೆ?” ಎಂದನಂತೆ. ಮಗ ಕಂಬಳಿಯೊಳಗಿಂದಲೇ, “ಮುಂದ್ಲ ಗಾಡಿ ನಿಂತದೆ ಕಣಣ್ಣ. ಸಂತೆ ಬಂತಾ?” ಎಂದನಂತೆ. ಊರೆಲ್ಲ ನಕ್ಕಿತು. ವಿಮಾನ ಗಕ್ಕನೆ ತಿರುಗಿದ್ದರೆ ಅದರ ಮುಂದಿನ ಫ್ಯಾನಿಗೆ ಮಗನೂ ಸಿಗುತ್ತಿದ್ದನೆಂದು ನೆನೆದು ನಾನು ಒಂದು ದಿನ ತಡವಾಗಿ ನಕ್ಕೆ.

೪. ಕಾರಣ, ಕಾವಳದಲ್ಲಿ ವಿಮಾನ ನಡೆಸುವ ಮೊದಲು ಗೇಟು ಹಾಕಿಸಬೇಕು. ಎತ್ತುಗಳಿಗೆ ಗೇಟು ಹಾಕಲು ಬರುವುದಿಲ್ಲ.

೫. ಉತ್ತರ ತಡವಾಯಿತು. ಮಗ, “ಹೆಬ್ಬೆಟ್ಟು ಒತ್ತಿ ಕಳ್ಸವ್ವ, ಅತ್ಲಾಗೆ ಬುಡು,” ಅಂದ. “ರಾತ್ರಿ ಸ್ಕೂಲಿಗೆ ಹೋಗಿದ್ದು ಹೆಬ್ಬೆಟ್ಟು ಒತ್ತಕ್ಕೇನ್ಲಾ?” ಅಂದೆ. ದೀಪ ಕಂಡರೆ ಎತ್ತುಗಳು ಮತ್ತೆ ಹೋಗುತ್ತವೆ; ಹೋಗುವುದಿಲ್ಲವೆಂದು ಬರೆಯಲು ಕೈ ಬರದೆ ಸಂಕ್ರಾಂತಿಯೇ ಕಳೆಯಿತು. ಆದ್ದರಿಂದ, ಗಾಡಿಯಲ್ಲಿ ಮಲಗುವುದಿಲ್ಲವೆಂದು ಮಂಟಯ್ಯನಿಂದ ಬರೆಸಿದ್ದೇನೆ. ಎತ್ತುಗಳದನ್ನು ಬೇರೆ ಹಾಳೆಯಲ್ಲಿ, ಅವುಗಳ ಹೆಸರಿನಲ್ಲೇ ಬರೆದಿದ್ದೇನೆ.

ತಮ್ಮ ಹಾಗೂ ಎತ್ತುಗಳ ವಿಶ್ವಾಸಿ,
ಚಿಕ್ಕಬೀರಮ್ಮ (ಸಹಿ ನನ್ನದೇ)

ಲಗತ್ತು:
ಮಂಟಯ್ಯನ ಮುಚ್ಚಳಿಕೆ.
ಎತ್ತುಗಳ ಮುಚ್ಚಳಿಕೆ, ಗುರುತಿನ ಜಾಗ ಖಾಲಿ.

ವಿ.ಸೂ.: ಅಂಚೆಯವರು ಕಣದ ಬಳಿ ಕಾಯುತ್ತಿದ್ದಾರೆ, ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಎತ್ತುಗಳು ತಮ್ಮ ವಶದಲ್ಲೇ ಇರುವುದರಿಂದ ಗೊರಸಿನ ಗುರುತನ್ನು ತಾವೇ ಒತ್ತಿಸಿಕೊಳ್ಳಬೇಕಾಗಿ ವಿನಂತಿ. ಎಡಗಡೆಯದು ಒದೆಯುತ್ತದೆ.