ಕೌಬಾಯ್ ಅಣ್ಣನ ಸಾವು

ಪಂಪಾಪತಿ ಬಸ್ಸಿನಲ್ಲಿ ಅತ್ತದ್ದೇ ಎಲ್ಲಕ್ಕೂ ಮೂಲ. ಮನೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಲಿಂಗಸೂಗೂರಿನ ಬಸ್ಸು ಸಿಂಧನೂರು ಬಿಟ್ಟು ಕಾಲುವೆ ದಾಟುವ ಹೊತ್ತಿಗೆ, ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ್ದಾಗ, ಐವತ್ತು ದಾಟಿದ ಮೀಸೆಯ ಗಂಡಸು ಗಳಗಳನೆ ಅತ್ತುಬಿಟ್ಟ.

ಅಳಿಸಿದ್ದು ಒಂದು ಸಿನಿಮಾ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ಪಂಪಾಪತಿಗೆ ಈ ಚಟ ಅಂಟಿದ್ದು ಮೊಬೈಲಿನಿಂದ. ಒಂದು ದಿನ ಎತ್ತುಗಳು ಕಲ್ಲೆಳೆಯುವ ಸ್ಪರ್ಧೆಯ ವಿಡಿಯೊ ನೋಡುತ್ತಿದ್ದ. ಅದು ಮುಗಿದದ್ದೇ ಮೊಬೈಲು ತನ್ನಷ್ಟಕ್ಕೆ ಅಮೆರಿಕದ ರೋಡಿಯೊ ತೋರಿಸಿತು. ಅಗಲ ಟೊಪ್ಪಿಗೆಯ ಕೌಬಾಯ್ ಒಬ್ಬ ಕೊಬ್ಬಿದ ಗೂಳಿಯ ಬೆನ್ನೇರಿ ಕೂತಿದ್ದ. ಎಂಟು ಸೆಕೆಂಡು ಬೀಳದಿದ್ದರೆ ಗೆದ್ದ ಹಾಗೆ. ಅಲ್ಲಿಂದ ಪಂಪಾಪತಿ ಅಂಥವರ ಕತೆಯ ಸಿನಿಮಾಗಳಿಗೆ ಇಳಿದ. ಹಿಂದಿ ಮಾತು ಜೋಡಿಸಿದ ಒಂದಷ್ಟನ್ನು ನೋಡಿದ ಮೇಲೆ ಅವನಿಗೆ ಅವುಗಳ ಸೂತ್ರ ಹೊಳೆಯಿತು. ಆ ಜನಕ್ಕೆ ಗೂಳಿಯ ಮೇಲೆ ಎಂಟು ಸೆಕೆಂಡು ಕೂರುವುದು ಸುಲಭ, ಸ್ವಂತ ಅಪ್ಪನ ಎದುರಿಗೋ ಅಣ್ಣನ ಎದುರಿಗೋ ಎಂಟು ಸೆಕೆಂಡು ಕೂರುವುದೇ ಕಷ್ಟ.

ಇವತ್ತು ಅವನ ಪಾಡೂ ಅದೇ ಆಗಿತ್ತು. ಲಿಂಗಸೂಗೂರಿಗೆ ಹೋಗಿ ಅಣ್ಣ ಅಮರಗುಂಡಪ್ಪನ ಎದುರು ಕೂರಬೇಕಿತ್ತು. ಅಣ್ಣ ತಮ್ಮಂದಿರಿಗೆ ಆರು ವರ್ಷದಿಂದ ಮಾತಿಲ್ಲ. ನಾಳೆ ಮಗಳು ಶಿವಗಂಗಾಳ ನಿಶ್ಚಯ. ಗಂಡಿನ ಕಡೆಯವರು ಕಡ್ಡಿ ಮುರಿದಂತೆ ಹೇಳಿದ್ದರು: “ಹುಡುಗಿ ದೊಡ್ಡಪ್ಪ ಬಂದು ಕುಂದರಲಾರದ ನಾವು ತಾಂಬೂಲ ಮುಟ್ಟಂಗಿಲ್ರಿ. ಒಡಹುಟ್ಟಿದಾಂವನ ಜೋಡಿ ಬಾಳ್ವೆ ಮಾಡದವರು ಬೀಗರ ಜೋಡಿ ಏನು ಮಾಡ್ತೀರಿ?”

ಹೆಂಡತಿ ಶೈಲಜಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಿದ್ದಳು. “ಕೈಯಾದ್ರೂ ಹಿಡೀರಿ, ಕಾಲಾದ್ರೂ ಹಿಡೀರಿ. ಭಾವಾರ್ನ ಕರಕೊಂಡು ಬಂದ್ರ ಮನಿಯೊಳಗ ಬರ್ರಿ. ಇಲ್ಲಂದ್ರ ಅಂಗಡ್ಯಾಗ ಮಕ್ಕೋರಿ.”

ಅಮರಗುಂಡಪ್ಪ ಸುಲಭದ ಆಸಾಮಿಯಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸದ ವಯಸ್ಸನ್ನೆಲ್ಲ ನೆಲದೊಳಗೆ ಕಳೆದು, ನಿವೃತ್ತನಾಗಿ ಮೇಲೆ ಬಂದವನು. ಹಾಗಾಗಿ ಮತ್ತೆ ಮಣ್ಣಿನೊಳಗೆ ಹೋಗುವ ಮಾತು ಅವನಿಗೆ ಆಗದು. ಅವನ ಮನೆಯಲ್ಲಿ ಸಾವಿನ ಸುದ್ದಿ ಎತ್ತುವಂತಿಲ್ಲ. ನೆರೆಯವರು ಯಾರಾದರೂ ಸತ್ತರೆ ಅತ್ತಿಗೆ ‘ಸತ್ತರು’ ಎನ್ನದೆ ‘ಅವರು ಊರಾಗಿಲ್ಲ’ ಎಂದು ಹೇಳಬೇಕು.

ಇಂಥ ಅಣ್ಣನಿಗೆ ಏನು ಹೇಳುವುದು, ಹೇಗೆ ಶುರು ಮಾಡುವುದು ಎಂದು ಯೋಚಿಸಿ ಯೋಚಿಸಿ, ಧೈರ್ಯಕ್ಕೆಂದು ಪಂಪಾಪತಿ ಬಸ್ಸಿನಲ್ಲಿ ಹೊಸದೊಂದು ಕೌಬಾಯ್ ಸಿನಿಮಾ ಹಾಕಿಕೊಂಡಿದ್ದ. ಅದರಲ್ಲಿ ಗೂಳಿ ತುಳಿದು ಅಣ್ಣ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ಮಾತು ಬಿಟ್ಟ ತಮ್ಮ ಟೊಪ್ಪಿಗೆಯನ್ನು ಎದೆಗವಚಿಕೊಂಡು ಓಡಿ ಬರುತ್ತಾನೆ. ಎರಡು ಮಾತಾಡಿ ಅಣ್ಣ ಕಣ್ಣು ಮುಚ್ಚುತ್ತಾನೆ. ಇಯರ್‌ಫೋನ್ ಕಿವಿಯಲ್ಲಿದ್ದುದರಿಂದ ತಾನು ಎಷ್ಟು ಜೋರಾಗಿ ಬಿಕ್ಕಿದೆ ಎಂದು ಪಂಪಾಪತಿಗೆ ತಿಳಿಯಲಿಲ್ಲ.

ಪಕ್ಕದ ಸೀಟಿನಲ್ಲಿ ಪಾಮನಕಲ್ಲೂರಿನ ವೀರಭದ್ರಮ್ಮ ಕೂತಿದ್ದಳು. ಹಣೆ ತುಂಬ ವಿಭೂತಿ, ಮಡಿಲಲ್ಲಿ ಗಂಟು, ಪರರ ದುಃಖಕ್ಕೆ ಸದಾ ತೆರೆದಿದ್ದ ಕಿವಿ. ಅವಳು ಭುಜ ಹಿಡಿದು ಅಲುಗಿಸಿದಳು.

“ಯಾಕಪಾ ತಮ್ಮಾ? ಹಿಂಗ್ಯಾಕ ಅಳಾಕತ್ತಿ? ಏನಾತು?”

“ಅಣ್ಣ...” ಎಂದ ಪಂಪಾಪತಿ. “ಅಣ್ಣ ಹೋದನ್ರಿ...”

‘ಪಿಚ್ಚರ್‌ನ್ಯಾಗ’ ಎಂಬ ಮಾತು ಇನ್ನೂ ಬಾಕಿಯಿತ್ತು. ಅದು ಹೊರಬರುವಷ್ಟರಲ್ಲಿ ವೀರಭದ್ರಮ್ಮ ಎದೆ ಬಡಿದುಕೊಂಡಾಗಿತ್ತು. “ಅಯ್ಯ ಶಿವನ! ಅಣ್ಣ ಹೋಗ್ಯಾನಂತ ಬೇ! ಮಣ್ಣಿಗೆ ಹೊಂಟಾನ ಪಾಪ!”

ಬಸ್ಸಿಗೆ ಬಸ್ಸೇ ಅವನ ಕಡೆ ತಿರುಗಿತು. ಈಗ ಬಾಯಿಬಿಟ್ಟರೆ ಹೇಗಿರುತ್ತದೆ ಎಂದು ಪಂಪಾಪತಿ ಲೆಕ್ಕ ಹಾಕಿದ. ಟೊಪ್ಪಿಗೆಯ ಬಿಳಿಯನೊಬ್ಬ ಗೂಳಿಯ ಕಾಲಿಗೆ ಸಿಕ್ಕು ಸತ್ತದ್ದಕ್ಕೆ ಅತ್ತೆ ಎಂದು ಇಷ್ಟು ಜನರೆದುರು ಹೇಳುವುದೇ? ಲಿಂಗಸೂಗೂರಿನಲ್ಲಿ ಇಳಿದರೆ ಅವರು ಯಾರೋ, ನಾನು ಯಾರೋ. ಅಲ್ಲಿಯತನಕ ತೆಪ್ಪಗಿದ್ದರಾಯಿತು ಎಂದು ತಲೆ ತಗ್ಗಿಸಿದ.

ಆದರೆ ಈ ಸೀಮೆಯಲ್ಲಿ ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ಹೊರಟವನನ್ನು ಯಾರೂ ತೆಪ್ಪಗಿರಲು ಬಿಡುವುದಿಲ್ಲ. ಅವನಿಗೆ ಸಿಗುವ ಮರ್ಯಾದೆ ಮಂತ್ರಿಗೂ ಸಿಗದು. ಕಂಡಕ್ಟರ್ ಅಸದ್ ಜನರನ್ನು ಸೀಳಿಕೊಂಡು ಬಂದ.

“ಮಣ್ಣು ಎಷ್ಟೊತ್ತಿಗ್ರಿ ಕಾಕಾ?”

“ಸಂ... ಸಂಜಿಕ.”

“ಅರೆ, ಫಿಕರ್ ಮಾಡಬ್ಯಾಡ್ರಿ. ಮುಟ್ಟಿಸೋದು ನಮ್ಮ ಕೆಲಸ.” ಅವನು ಡ್ರೈವರನ ಕಡೆ ತಿರುಗಿ ಕೂಗಿದ. “ಜಲ್ದಿ ಬಿಡ್ರಿ ಉಸ್ತಾದ್! ಮಯ್ಯತ್ ಐತಿ! ಮಸ್ಕಿತನಕ ಎಲ್ಲೂ ನಿಲ್ಲಂಗಿಲ್ಲ!”

ಬಸ್ಸು ಬಾಣದಂತೆ ಹೊರಟಿತು. ನಡುವಿನ ಹಳ್ಳಿಗಳಲ್ಲಿ ಕೈ ಮಾಡಿ ನಿಂತವರು ಧೂಳು ಕುಡಿದರು. ಇಳಿಯಬೇಕಾಗಿದ್ದ ಒಬ್ಬ ತನ್ನೂರು ಹಿಂದೆ ಸರಿದದ್ದನ್ನು ಕಿಟಕಿಯಿಂದ ನೋಡಿ, “ಇರ್ಲಿ ಬಿಡ್ರಿ, ನನ್ನೂರು ಎಲ್ಲಿ ಹೋಗತೈತಿ? ಅವರ ದುಃಖ ದೊಡ್ಡದು” ಎಂದ. ಆ ಮಾತು ಕೇಳಿ ಪಂಪಾಪತಿಗೆ ಸೀಟಿನ ಕೆಳಗೆ ಇಳಿದುಹೋಗುವಂತಾಯಿತು.

“ಅಣ್ಣನ ಹೆಸರೇನಪಾ?” ವೀರಭದ್ರಮ್ಮ ಬಿಡಲಿಲ್ಲ.

ಸುಳ್ಳು ಹೆಸರೊಂದಕ್ಕೆ ಅವನು ತಲೆಯಲ್ಲಿ ತಡಕಾಡಿದ. ಕೈಗೆ ಸಿಕ್ಕಿದ್ದು ನಿಜವಾದದ್ದು ಒಂದೇ. “ಅಮರಗುಂಡಪ್ಪ.”

“ಎಲ್ಲಿದ್ದ? ಏನು ಮಾಡತಿದ್ದ?”

“ಹಟ್ಟಿ ಕಂಪನ್ಯಾಗಿದ್ದ. ಈಗ ಲಿಂಗಸೂಗೂರಾಗ.”

“ಏನಾಗಿತ್ತು?”

ತಲೆಯಲ್ಲಿ ಇನ್ನೂ ಸಿನಿಮಾ ಓಡುತ್ತಿತ್ತು. “ಹೋರಿ ತುಳೀತ್ರಿ” ಎಂದುಬಿಟ್ಟ.

“ಕಂಪನ್ಯಾಗಿದ್ದಾಂವಗ ಹೋರಿ ಎಲ್ಲಿಂದ ಬಂತು?”

“ಸಂತೀಗೆ ಹೋಗಿದ್ದ...”

ಒಂದೊಂದು ಪ್ರಶ್ನೆಗೂ ಅಣ್ಣ ಇನ್ನಷ್ಟು ಸಾಯುತ್ತ ಹೋದ. ಪಕ್ಕೆಲುಬು ಮುರಿದವು, ಆಸ್ಪತ್ರೆ ಸೇರಿದ, ನೀರು ಬೇಡಿದ. ಹಿಂದಿನ ಸೀಟಿನವರಿಗೆ ಕೇಳಿಸದಾಗ ವೀರಭದ್ರಮ್ಮ ಗಟ್ಟಿಯಾಗಿ ಅದನ್ನೇ ಮತ್ತೊಮ್ಮೆ ಹೇಳಿದಳು, ಹೋರಿಗೆ ಇನ್ನೊಂದಿಷ್ಟು ಕೋಡು ಬೆಳೆಸಿ.

“ನಿನ್ನ ಕೂಡ ಚಲೋ ಇದ್ದನೇನು?” ಎಂದು ಕೊನೆಗೆ ಅವಳು ಮೆತ್ತಗೆ ಕೇಳಿದಳು.

“ಮಾತು ಬಿಟ್ಟು ಆರು ವರ್ಷ ಆತ್ರಿ. ಒಂದು ಎತ್ತಿನ ಸಲುವಾಗಿ.”

“ಎತ್ತಿನ ಸಲುವಾಗಿ ಅಣ್ಣನ ಬಿಟ್ಟ್ಯಾ? ಇನ್ನ ಯಾರ ಜೋಡಿ ಮಾತಾಡ್ತೀಯೋ, ಹುಚ್ಚಪ್ಪಾ!”

ಆ ಗದರಿಕೆ ನೆಟ್ಟಗೆ ಎದೆಗೆ ಬಡಿಯಿತು. ಚಿಕ್ಕಂದಿನಲ್ಲಿ ತನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದ ಅಣ್ಣ ನಿಜಕ್ಕೂ ಸತ್ತೇ ಹೋದನೆಂದು ಒಂದು ಕ್ಷಣ ಅನ್ನಿಸಿತು. ಈ ಸಲ ಪಂಪಾಪತಿ ಸಿನಿಮಾಕ್ಕಾಗಿ ಅಳಲಿಲ್ಲ. ವೀರಭದ್ರಮ್ಮ ಜೊತೆಗೂಡಿದಳು. ಬಸ್ಸಿನ ಅರ್ಧ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು.

ಮಸ್ಕಿಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಪಂಪಾಪತಿ ಇಳಿದು ಗುಂಪಿನಲ್ಲಿ ಕರಗಿಹೋಗಲು ನೋಡಿದ. ವೀರಭದ್ರಮ್ಮ ರಟ್ಟೆ ಹಿಡಿದು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂರಿಸಿದಳು. “ದುಃಖದಾಗ ಒಬ್ಬಾಂವನ ಬಿಡಬಾರದು” ಎಂದು ಇಬ್ಬರು ಗಂಡಸರನ್ನು ಎಡಬಲಕ್ಕೆ ಕಾವಲು ನಿಲ್ಲಿಸಿದಳು. ಅಸದ್ ಓಡಿಹೋಗಿ ಮೊಳಕೈ ಗಾತ್ರದ ಚೆಂಡು ಹೂವಿನ ಹಾರ ತಂದ. ಅಷ್ಟರಲ್ಲಿ ಎದುರಿನಿಂದ ಲಿಂಗಸೂಗೂರು-ಸಿಂಧನೂರು ಬಸ್ಸು ಬಂದು ನಿಂತಿತು. ಅಸದ್ ಅದರ ಕಿಟಕಿಗಳ ಕೆಳಗೆ ನಿಂತು ಕೂಗತೊಡಗಿದ.

“ಲಿಂಗಸೂಗೂರಿನವರು ಯಾರರ ಅದೀರೇನ್ರಿ? ಇವರ ಅಣ್ಣ ತೀರಿಕೊಂಡಾರ. ಮಣ್ಣು ಎಲ್ಲಿ ಐತಿ ಅಂತ ಗೊತ್ತದನ?”

ಬಿಳಿ ಧೋತರದ ದಪ್ಪನೆಯ ಮನುಷ್ಯನೊಬ್ಬ ಕೈಚೀಲ ಹಿಡಿದು ಚಹಾಕ್ಕೆಂದು ಹಿಂಬಾಗಿಲಿನಿಂದ ಇಳಿದ. ಸಾವಿನ ಮಾತು ಕಿವಿಗೆ ಬಿದ್ದದ್ದೇ ಮುಖ ಸಿಂಡರಿಸಿ ಆಚೆ ಸರಿಯಲು ಹೋದವನನ್ನು ಅಸದ್ ಅಡ್ಡಗಟ್ಟಿದ.

“ನಿಮಗ ಗೊತ್ತಿರಬೇಕ್ರಿ ಯಜಮಾನ್ರ. ಅಮರಗುಂಡಪ್ಪ ಅಂತ. ಹಟ್ಟಿ ಕಂಪನ್ಯಾಗಿದ್ರಂತ.”

“ಯಾರು?”

“ಅಮರಗುಂಡಪ್ಪ. ಹೋರಿ ತುಳದು ಹೋಗ್ಯಾರ, ಪಾಪ.”

ಆ ಮನುಷ್ಯ ಕೈಚೀಲ ಕೆಳಗಿಟ್ಟು ತನ್ನ ಎದೆ, ಪಕ್ಕೆ, ಹೊಟ್ಟೆಯನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. “ನಾನ ಅಮರಗುಂಡಪ್ಪ” ಎಂದ.

ಬೆಂಚಿನ ಮೇಲಿದ್ದ ಪಂಪಾಪತಿ ಚಹಾದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ.

“ನಿಮಗ ಹೋರಿ ತುಳೀಲಿಲ್ಲೇನ್ರಿ ಹಂಗಾರ?” ವೀರಭದ್ರಮ್ಮನ ದನಿಯಲ್ಲಿ ಸಣ್ಣ ನಿರಾಸೆಯಿತ್ತು.

ಅಮರಗುಂಡಪ್ಪನ ಕಣ್ಣು ತಮ್ಮನ ಮೇಲೆ ಬಿತ್ತು, ಹಾರದ ಮೇಲೆ ಬಿತ್ತು, ಮತ್ತೆ ತಮ್ಮನ ಮೇಲೆ ಬಿತ್ತು. “ಏ ಪಂಪ್ಯಾ! ಬದುಕಿದ್ದಾಗ ಒಂದು ಫೋನ್ ಮಾಡಲಿಲ್ಲ, ಸಾಯಿಸಿ ಹಾರ ತಂದ್ಯಾ?”

ಪಂಪಾಪತಿ ಎದ್ದು ನಿಂತ. ಮಾತಾಡಿದ್ದು ಬಸ್ಸು. ವೀರಭದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. “ಅವನ್ನ ಯಾಕ ಬೈತೀರಿ? ಸಿಂಧನೂರಿನಿಂದ ಇಲ್ಲೀತನಕ ಅಣ್ಣಾ ಅಣ್ಣಾ ಅಂತ ಅತ್ತಾನ. ನಮ್ಮನ್ನೆಲ್ಲ ಅಳಿಸ್ಯಾನ. ಇಂಥ ತಮ್ಮ ಯಾರಿಗದಾನ್ರಿ?” ಊರು ತಪ್ಪಿಸಿಕೊಂಡವನು ಸಾಕ್ಷಿ ಹೇಳಿದ. ಕಾವಲಿನ ಗಂಡಸರು ಹೌದೆಂದರು.

ಅಮರಗುಂಡಪ್ಪ ತಮ್ಮನ ಕೆಂಪಾದ ಕಣ್ಣುಗಳನ್ನು ದಿಟ್ಟಿಸಿದ. “ನನ್ನ ಸಲುವಾಗಿ ಅತ್ತ್ಯಾ, ಪಂಪ್ಯಾ?”

ಇಬ್ಬರೂ ತಬ್ಬಿಕೊಂಡರು. ಅಮರಗುಂಡಪ್ಪ ಕೈಚೀಲ ತೆರೆದು ತೋರಿಸಿದ. ಒಳಗೆ ಶಿವಗಂಗಾಳಿಗೆಂದು ತಂದ ರೇಷ್ಮೆ ಸೀರೆ. “ನಿಮ್ಮ ಮನೀಗೇ ಹೊಂಟಿದ್ದೆ. ಮಗಳ ನಿಶ್ಚಯಕ್ಕ ದೊಡ್ಡಪ್ಪನ್ನ ಕರೀತಿಯೋ ಇಲ್ಲೋ, ನಾನ ಹೋಗಿ ಕುಂತಬಿಡೋಣು ಅಂತ.” ಹಾರ ಹಾಳಾಗಬಾರದೆಂದು ಅಸದ್ ಅದನ್ನು ಅಮರಗುಂಡಪ್ಪನ ಕೊರಳಿಗೆ ಹಾಕಿ ಚಪ್ಪಾಳೆ ಹೊಡೆದ.

“ಆದ್ರ ನಾ ಹೋದೆ ಅಂತ ನಿನಗ ಯಾರು ಹೇಳಿದ್ರು?”

ಇಲ್ಲಿ ಪಂಪಾಪತಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಬಸ್ಸಿನಲ್ಲಿ ಅಷ್ಟು ಹೇಳಿದ್ದ, ಎಲ್ಲವೂ ಫಲ ಕೊಟ್ಟಿದ್ದವು. ಆದರೆ ಅಣ್ಣನ ತೋಳಿನ ಬಿಸಿ ಇನ್ನೂ ಹೆಗಲ ಮೇಲಿತ್ತು. ಇನ್ನು ಮುಂದೆ ಅಣ್ಣನಿಗೆ ಸುಳ್ಳು ಹೇಳಬಾರದು ಎಂದು ಅವನಿಗೆ ಅನ್ನಿಸಿಬಿಟ್ಟಿತು.

“ಯಾರೂ ಹೇಳಿಲ್ಲ ಅಣ್ಣಾ. ಒಂದು ಕೌಬಾಯ್ ಪಿಚ್ಚರ್ ನೋಡಾಕತ್ತಿದ್ದೆ. ಅದರಾಗ ಅಣ್ಣ ಸತ್ತ. ಅದಕ್ಕ ಅಳು ಬಂತು.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ವೀರಭದ್ರಮ್ಮನೇ ಅವನನ್ನು ಪಾರು ಮಾಡಿದಳು. “ಅಷ್ಟ ಹೌದಿಲ್ಲೋ? ನಾ ದಿನಾ ಸಂಜಿಕ ಧಾರಾವಾಹಿ ನೋಡಿ ಅಳತೀನಿ. ಅದಕ್ಕೇನು ನಾಚಿಗಿ?”

ಅಮರಗುಂಡಪ್ಪ ನಕ್ಕ. “ಪಿಚ್ಚರ್‌ನ್ಯಾಗ ಅಣ್ಣ ಸತ್ರ ನನ್ನ ನೆನಪಾತಲ್ಲ, ಸಾಕು. ಏನದು ಕತಿ? ಹೇಳು.”

ಪಂಪಾಪತಿ ಹೇಳಿದ. ಗೂಳಿ ಎಗರಿದ್ದು, ಅಣ್ಣ ಬಿದ್ದದ್ದು, ತಮ್ಮ ಓಡಿ ಬಂದದ್ದು. ಎರಡೂ ಬಸ್ಸಿನ ಜನ ಸುತ್ತ ನಿಂತು ಕೇಳಿದರು. ಡ್ರೈವರ್ ಹಾರ್ನ್ ಹೊಡೆಯುವುದನ್ನು ಬಿಟ್ಟು ತಾನೂ ಇಳಿದು ಬಂದ. ಅಮರಗುಂಡಪ್ಪ ಹಾರದ ತುದಿಯಿಂದ ಕಣ್ಣೊರೆಸಿಕೊಂಡ.

“ಪಾಪ! ಅವರು ಯಾಕ ಮಾತು ಬಿಟ್ಟಿದ್ರು?”

“ತಮ್ಮ ಸಾಕಿದ ಕುದುರಿ ಇತ್ತು. ಅಣ್ಣ ಅವನ್ನ ಕೇಳಲಾರದ ಮಾರಿಬಿಟ್ಟಿದ್ದ.”

ಅಮರಗುಂಡಪ್ಪನ ಕೈ ಹಾರದ ಮೇಲೇ ನಿಂತಿತು. ಆರು ವರ್ಷದ ಹಿಂದೆ ತಮ್ಮ ಕರುವಿನಿಂದ ಸಾಕಿದ ಎತ್ತನ್ನು ಸಂತೆಗೆ ಹೊಡೆದು ಮಾರಿದವನು ಅವನೇ. ಅವನ ಪ್ರಕಾರ ತಮ್ಮನಿಗೆ ಮೊದಲೇ ಹೇಳಿದ್ದ, ತಮ್ಮನ ಪ್ರಕಾರ ಹೇಳಿರಲಿಲ್ಲ.

“ತಪ್ಪು ಯಾರ್ದು ಅಂತ ತೋರಿಸ್ಯಾರ?”

ಸತ್ಯದ ಅಮಲಿನಲ್ಲಿದ್ದ ಪಂಪಾಪತಿಗೆ ಆ ದನಿಯ ಬದಲಾವಣೆ ತಿಳಿಯಲಿಲ್ಲ. “ಅಣ್ಣಂದು. ಸಾಯೋ ಮುಂದ ತಮ್ಮನ ಕೈ ಹಿಡದು, ನಂದು ತಪ್ಪಾತು, ಕ್ಷಮಾ ಮಾಡು ಅಂತಾನ. ಅಲ್ಲೇ ನನಗ ಅಳು ತಡಿಲಿಲ್ಲ...”

“ಅಂದ್ರ,” ಅಮರಗುಂಡಪ್ಪ ನಿಧಾನಕ್ಕೆ ಹಾರ ತೆಗೆದ, “ನಾ ಸಾಯೋ ಮುಂದ ನಿನ್ನ ಕೈ ಹಿಡದು ತಪ್ಪಾತು ಅನಬೇಕು. ಅದನ್ನ ನೆನಸಿಕೊಂಡು ಖುಷಿಗೆ ಅತ್ತಿ.”

“ಇಲ್ಲ ಅಣ್ಣಾ! ಅದು ಪಿಚ್ಚರ್!”

“ಇಷ್ಟು ಮಂದ್ಯಾಗ ಕತಿ ಕಟ್ಟಿ ನನ್ನ ಮಾರಿಗೆ ಹೊಡದ್ಯಲ್ಲೋ!”

ಹಾರ ಅಸದ್‌ನ ಕೈಗೆ ಮರಳಿತು. ಗಂಗಾವತಿಯಿಂದ ಬಂದು ಲಿಂಗಸೂಗೂರಿನ ಕಡೆ ಹೊರಟಿದ್ದ ಇನ್ನೊಂದು ಬಸ್ಸು ಆಗಲೇ ಚಲಿಸತೊಡಗಿತ್ತು. ಅಮರಗುಂಡಪ್ಪ ಸೀರೆಯ ಚೀಲ ಎತ್ತಿಕೊಂಡು ಅದನ್ನು ಹತ್ತಿದ, ಕಿಟಕಿಯ ಪಕ್ಕ ಕೂತ, ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡ. ಭುಜಗಳು ಕುಲುಕುತ್ತಿದ್ದವು.

ಪಂಪಾಪತಿ ಬಸ್ಸಿನ ಬದಿಗೆ ಓಡುತ್ತ ಕಿಟಕಿಯ ಸರಳು ಬಡಿದ. “ಅಣ್ಣಾ! ನಾಳೆ ನಿಶ್ಚಯ! ಅಣ್ಣಾ!”

ಒಳಗೆ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅಮರಗುಂಡಪ್ಪನ ಕಡೆ ಬಾಗಿದ್ದಳು. “ಯಾಕ್ರಿ ಯಪ್ಪಾ, ಹಿಂಗ ಅಳಾಕತ್ತೀರಿ?”

“ತಮ್ಮ ಹೋದ ಬೇ” ಎಂದ ಅಮರಗುಂಡಪ್ಪ. ಸಾವಿನ ಮಾತನ್ನು ಅವನು ತಾನಾಗಿ ಎತ್ತಿದ್ದು ಅದೇ ಮೊದಲು.

“ಅಯ್ಯ ಶಿವನ! ಮಣ್ಣು ಎಷ್ಟೊತ್ತಿಗೆ?”

“ಈಗ ಇಲ್ಲೇ ಮಾಡಿ ಬಂದೆ.”

ಮುದುಕಿ ಕಣ್ಣೊರೆಸಿಕೊಂಡು, ಇನ್ನೂ ಸರಳು ಬಿಡದೆ ಓಡುತ್ತಿದ್ದ ಪಂಪಾಪತಿಯನ್ನು ಕಂಡು ಸಿಡಿದಳು. “ಒಡಹುಟ್ಟಿದಾಂವನ ಮಣ್ಣು ಮಾಡಿ ಬಂದಾರ ಅವ್ರು! ನೀ ಯಾಂವಲೇ ನಡುವ ಒದರಾಂವ? ದುಃಖದಾಗಿದ್ದೋರನ್ನ ಬಿಡೋ!”

ಕಿಟಕಿಯ ಗಾಜು ಸರ್ರನೆ ಮುಚ್ಚಿಕೊಂಡಿತು.