ಕುಂಬಾರ ಹುಳದ ಸಾಕ್ಷಿ

ಮೂಕಣ್ಣನ ಖೋಲಿಯ ಗೋಡೆಗೆ ಕುಂಬಾರ ಹುಳವೊಂದು ಮಣ್ಣಿನ ಗೂಡು ಕಟ್ಟಿತು. ಕಟ್ಟಿದ್ದು ತಪ್ಪಲ್ಲ; ಹೆಣ್ಣಿನ ತಂದೆ ಮನೆ ನೋಡಲು ಬರುವ ದಿನವೇ ಅದು ಮನೆಯೊಡತಿ ನೀಲಗಂಗಮ್ಮನ ಕಣ್ಣಿಗೆ ಬಿದ್ದದ್ದು ತಪ್ಪು.

“ಏನೋ ಮೂಕಣ್ಣ, ಬಸುರಿ ಇರೋ ಮನ್ಯಾಗ ಅಲ್ಲೇನೋ ಈ ಹುಳ ಗೂಡು ಕಟ್ಟೋದು? ಯಾರನ್ನ ಬಚ್ಚಿಟ್ಟೀಯಪ್ಪಾ?”

“ಯವ್ವಾ, ಇರೋದು ನಾ ಒಬ್ಬನೇ. ಈಗಿಂದೀಗ ಕೆಡವ್ತೀನಿ.”

“ಥೂ! ಬಸುರಿ ಮನಿ ಗೂಡು ಕೆಡವಿದ್ರ ಪಾಪ ಸುತ್ತಿಕೊಂತೈತಿ. ಮುಟ್ಟಿದ್ರ ನೋಡು!”

ಮೂಕಣ್ಣ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಹೊಲವಿಲ್ಲ, ಹೆಂಡತಿಯಿಲ್ಲ. “ಪ್ಯಾಟ್ಯಾಗ ಮನಿ ಐತಿ” ಎಂದದ್ದಕ್ಕೇ ಮೆಟ್ರಿ ಹಳ್ಳಿಯ ದೊಡ್ಡಬಸಪ್ಪ ಮಗಳನ್ನು ಕೊಡಲು ಅರ್ಧ ಒಪ್ಪಿದ್ದ. ಬಾಡಿಗೆ ಎಂಬ ಮಾತನ್ನು ಮೂಕಣ್ಣ ನುಂಗಿದ್ದ.

ನೀಲಗಂಗಮ್ಮ ಬಾವಿಗೆ ಹೋಗುವಾಗ ಕೊಡದ ಜೊತೆ ಸುದ್ದಿಯನ್ನೂ ಒಯ್ದಳು. ಮಧ್ಯಾಹ್ನವೇ ಗಿರಣಿಯ ಹಮಾಲರು, “ತೊಟ್ಟಿಲು ತಂದ್ರೇನ್ರಿ?” ಎಂದು ಕೇಳಿದರು.

ಸಂಜೆ ಮೆಟ್ರಿಯ ಬಂಡಿ ಬಂದಿತು. ಮೂಕಣ್ಣ ಮದ್ರಾಸಿನಿಂದ ತರಿಸಿದ ತನ್ನ ಒಂದೇ ಕೋಟನ್ನು ಗೂಡಿನ ಮೇಲೆ ನೇತುಹಾಕಿ, ದೊಡ್ಡಬಸಪ್ಪನ ಮುಂದೆ ಮಂಡಕ್ಕಿ ಇಟ್ಟ. ಅಷ್ಟರಲ್ಲಿ ಹುಳ ಜೇಡವೊಂದನ್ನು ಹೊತ್ತು ಬಂದು, ವಿಳಾಸ ತಪ್ಪಿದ ಅಂಚೆಯವನಂತೆ ಕೋಟಿನ ಸುತ್ತ ತಿರುಗಿ, ಹೊರೆಯನ್ನು ಮಂಡಕ್ಕಿಯ ತಟ್ಟೆಗೆ ಬೀಳಿಸಿತು. ಜೇಡ ಸತ್ತಿರಲಿಲ್ಲ, ಹುಳ ಚುಚ್ಚಿದ್ದರಿಂದ ಮರಗಟ್ಟಿತ್ತು. ಮೂಕಣ್ಣನೂ ಹಾಗೆಯೇ ಕುಳಿತಿದ್ದ.

ಬಾಗಿಲಲ್ಲಿ ಇಣುಕುತ್ತಿದ್ದ ನೀಲಗಂಗಮ್ಮ ಒಳಬಂದು ಕೋಟು ಎತ್ತಿದಳು. “ನೋಡ್ರಿ ಗೌಡ್ರ, ಬಸುರಿ ಮನಿ ಗುರುತು!”

ದೊಡ್ಡಬಸಪ್ಪನ ಮುಖ ಬಿಗಿಯಿತು. “ಈ ಮನ್ಯಾಗ ಹೆಣ್ಮಕ್ಕಳು ಯಾರದಾರ?”

ಮೂಕಣ್ಣ ಸೂರಿನತ್ತ ಕೈ ತೋರಿದ. “ಮ್ಯಾಲ ನೋಡ್ರಿ ಗೌಡ್ರ, ಮೂಲಿ ಮೂಲಿಗೂ ಜ್ಯಾಡದ ಬಲಿ. ಹೆಣ್ಣಿದ್ದಿದ್ರ ಕಸಬರಿಗಿ ಆಡ್ತಿದ್ದಿಲ್ಲೇನ್ರಿ? ಈ ಹುಳ ತನ್ನ ಮರಿಗೆ ಹಾಕೋದು ಜ್ಯಾಡ. ಜ್ಯಾಡಕ್ಕ ಬಂದೈತಿ, ಬಸುರಿಗಲ್ಲ!”

ದೊಡ್ಡಬಸಪ್ಪ ಮೀಸೆಯಲ್ಲೇ ನಕ್ಕ. “ಖರೆ ಬಿಡು. ನಮ್ಮ ಬಾಳಿ ತ್ವಾಟದಾಗಿನ ಜ್ಯಾಡ ಹಿಡಕೊಂಡು ಈ ಹುಳ ಗುಡಿಸಲಾಗ ಗೂಡಿನ ಮ್ಯಾಲ ಗೂಡು ಕಟ್ಯಾವ. ಅಲ್ಲಿರೋದು ನಾನು, ನನ್ನ ಎರಡು ಎತ್ತು. ಯಾರು ಬಸುರಿ, ಹೇಳವ್ವಾ! ಹುಡುಗಿ ಕೊಟ್ಟೆ ಅಂತ ತಿಳಕೋ ಮೂಕಣ್ಣ.”

ಮೂಕಣ್ಣ ಉಸಿರು ಬಿಟ್ಟ. ಆಗಲೇ ಗೋಡೆಯ ಆಚೆಯಿಂದ ಯಾರೋ ವಾಂತಿ ಮಾಡುವ ಸದ್ದು ಕೇಳಿತು.

ಆಚೆ ಇದ್ದದ್ದು ನೀಲಗಂಗಮ್ಮನ ಮನೆ. ವಾಂತಿ ಮಾಡಿದ್ದು ನಿನ್ನೆ ಸಂಡೂರಿನಿಂದ ಬಂದ ಅವಳ ಮಗಳು ಚೆನ್ನಬಸಮ್ಮ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ನೀಲಗಂಗಮ್ಮ ಓಡಿಹೋದಳು, ಓಡುತ್ತಲೇ ತಿರುಗಿ ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

“ಹುಳ ಸುಳ್ಳು ಹೇಳಿಲ್ರೀ! ಎರಡೂ ಮನಿಗೆ ಗ್ವಾಡಿ ಒಂದಾ, ನಾನಾ ಗುರುತು ಈ ಕಡಿ ಮನೀದು ಅಂತ ತಪ್ಪು ತಿಳಕೊಂಡೆ!” ಎಂದು ಗೂಡಿಗೆ ಕೈಮುಗಿದಳು. “ಮೂಕಣ್ಣ, ಮಗಳ ಬಾಣಂತನಕ್ಕ ಈ ಖೋಲಿ ಬೇಕಾತಪ್ಪ. ಅಮಾಸಿ ದಾಟೋದ್ರಾಗ ಖಾಲಿ ಮಾಡು.”

“ಯವ್ವಾ, ಮೆಲ್ಲಕ, ಗೌಡ್ರಿಗೆ ಕೇಳ್ತೈತಿ... ಮತ್ತ ಈ ಗೂಡು?”

“ಅದನ್ನ ಮುಟ್ಟಬ್ಯಾಡ. ಅದು ಇರಲಿ, ನೀ ಹೋಗು.”

ಕೋಟು ಸರಿದ ಗೂಡಿನೊಳಕ್ಕೆ ಹುಳ ಇನ್ನೊಂದು ಜೇಡದ ಸಮೇತ ಸೀದಾ ಹೊಕ್ಕಿತು. ದೊಡ್ಡಬಸಪ್ಪ ಅದನ್ನೇ ನೋಡುತ್ತ ಎದ್ದು ರುಮಾಲು ಸುತ್ತಿಕೊಂಡ.

“ಪ್ಯಾಟ್ಯಾಗ ಮನಿ ಐತಿ ಅಂದಿದ್ದೆಲ್ಲೋ ಮೂಕಣ್ಣ, ಅದು ಈ ಹುಳದ್ದೇನು?”